ಹುಣ್ಣಿಮೆಯವರೆಗೆ ಇಟ್ಟ ಕಾಯಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಜಯಂತಿ ಅಟ್ಟದಿಂದ ಒಂದು ಚಾಪೆ, ಒಂದು ತೆಳು ಹಾಸಿಗೆ ಇಳಿಸಿ ಅಂಗಳದ ಬಿಸಿಲಿಗೆ ಹಾಕುತ್ತಿದ್ದಳು. ಐದು ವರ್ಷ ತಪ್ಪದೆ ಹಾಕಿದ್ದಳು. ಈ ವರ್ಷ ಹಾಕಲಿಲ್ಲ.

ಆ ಹಾಸಿಗೆ ಚಂದನಾಳದ್ದು. ಚಂದನಾ ಅವಳ ಮಗಳಲ್ಲ, ಬಳಗದವಳೂ ಅಲ್ಲ. ಜಯಂತಿಯಿರುವ ತೋಡೂರಿನ ಕಾಲನಿಗೆ ದಿನಾ ಮೀನು ತರುವ ಸುಗಂಧಾಳ ಮಗಳು. ಅವರ ಮನೆ ಬಿಣಗಾದ ಕಡಲ ಬದಿಗೆ. ಹುಡುಗಿಯ ಅಪ್ಪ ಸತೀಶ ಬೈತಖೋಲ ಬಂದರಿನ ಒಂದು ಬೋಟಿನಲ್ಲಿ ಬಲೆ ಎಳೆಯುವ ಖಲಾಸಿ. ವರ್ಷದ ಹತ್ತು ತಿಂಗಳು ಅವನು ನೀರಿನ ಮೇಲಿರುತ್ತಾನೆ, ಮನೆ ನೆಮ್ಮದಿಯಿಂದಿರುತ್ತದೆ. ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ.

ಸತೀಶನಿಗೆ ನೆಲದ ಮೇಲೆ ದಿನ ಕಳೆಯುವುದು ಗೊತ್ತಿರಲಿಲ್ಲ. ಕುಡಿಯುತ್ತಿದ್ದ. ಒಬ್ಬನೇ ಕುಡಿದು ಮಲಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಬೋಟಿನ ಜೊತೆಗಾರರನ್ನೂ ಮನೆಗೆ ಕರೆತರುತ್ತಿದ್ದ. ಎರಡೇ ಕೋಣೆಯ ಮನೆ. ಎರಡರ ನಡುವೆ ಬಾಗಿಲಿಲ್ಲ, ಒಂದು ಹಳೆಯ ಸೀರೆ ತೂಗುತ್ತದೆ ಅಷ್ಟೆ. ಆ ಸೀರೆಯ ಆಚೆ ನಾಲ್ಕು ಜನ ಗಂಡಸರು ಕುಡಿದು ಕೂಗಾಡುವಾಗ ಈಚೆ ಒಂದು ಹುಡುಗಿ ಪುಸ್ತಕ ಹಿಡಿದು ಕೂರುವುದು ಹೇಗೆ?

ಚಂದನಾ ಐದನೇ ತರಗತಿಗೆ ಬಂದ ವರ್ಷ ಸುಗಂಧಾ ಜಯಂತಿಯ ಅಂಗಳದಲ್ಲಿ ಮೀನಿನ ಬುಟ್ಟಿ ಇಳಿಸಿ, ಮೀನಿನ ಮಾತು ಬಿಟ್ಟು, "ಅಕ್ಕಾ, ಎರಡ್ ತಿಂಗ್ಳು ಈ ಹುಡ್ಗೀನ ನಿಮ್ಮನೇಲಿ ಇಟ್ಕೊಳ್ತ್ರಾ? ಒಂದ್ ಮೂಲೆ ಸಾಕು" ಎಂದು ಕೇಳಿದ್ದಳು.

ಎಂತಕೆ ಎಂದು ಜಯಂತಿ ಕೇಳಲಿಲ್ಲ. ಸುಗಂಧಾಳ ಕುತ್ತಿಗೆಯ ಬಳಿ ನೀಲಿಗಟ್ಟಿದ್ದು ಅವಳಿಗೆ ಕಂಡಿತ್ತು. ತಾನು ಬಿಸಿಯೂಟ ಮಾಡುವ ಶಾಲೆಗೇ ಹುಡುಗಿಯನ್ನು ಸೇರಿಸಿದಳು. ಹೈಸ್ಕೂಲೂ ಅದೇ ಆವರಣದಲ್ಲಿತ್ತು. ಮಳೆಗಾಲದ ಎರಡು ತಿಂಗಳು ಚಂದನಾ ಜಯಂತಿಯ ಮನೆಯಿಂದ ಶಾಲೆಗೆ ಹೋಗುವಳು. ಬೋಟು ಕಡಲಿಗೆ ಇಳಿದ ಮೇಲೆ ಬಿಣಗಾದಿಂದ ಬಸ್ಸಿನಲ್ಲಿ ಬರುವಳು. ಸತೀಶನಿಗೆ ಮಾತ್ರ, ಹುಡುಗಿ ಅಂಕೋಲೆಯಲ್ಲಿ ಸೋದರಮಾವನ ಮನೆಯಲ್ಲಿದ್ದಾಳೆ ಎಂದು ಸುಗಂಧಾ ಹೇಳಿದ್ದಳು. ಅವನೂ ಹೆಚ್ಚು ಕೇಳಿರಲಿಲ್ಲ.

ಇದು ಹೊರಗಿನಿಂದ ನೋಡುವವರಿಗೆ ಸಣ್ಣ ಉಪಕಾರ. ಮನೆಯ ಒಳಗೆ ಅಷ್ಟು ಸಣ್ಣದಾಗಿರಲಿಲ್ಲ. ಜಯಂತಿಗೆ ಒಬ್ಬ ಮಗನಿದ್ದ, ಕಿಶೋರ. ಅವನಿಗೆ ಹದಿನೈದು ತುಂಬಿದ ವರ್ಷ ಅಕ್ಕಪಕ್ಕದವರು, "ಬೆಳದ್ ಹುಡ್ಗ, ಬೆಳದ್ ಹುಡ್ಗಿ, ಒಂದೇ ಮನೆ" ಎಂದು ನಲ್ಲಿಯ ಹತ್ತಿರ ಆಡಿಕೊಳ್ಳತೊಡಗಿದರು. ಆ ಮಾತು ಚಂದನಾಳ ಕಿವಿಗೆ ಬೀಳುವ ಮೊದಲೇ ಜಯಂತಿ ಮಗನನ್ನು ಎರಡು ತಿಂಗಳಿಗೆ ಹಣಕೋಣದಲ್ಲಿದ್ದ ತನ್ನ ತಮ್ಮನ ಮನೆಗೆ ಕಳಿಸಿದಳು. ಮರುವರ್ಷವೂ ಕಳಿಸಿದಳು. ಈಗ ಕಿಶೋರ ಪಿಯುಸಿ ಎರಡನೇ ವರ್ಷ.

"ಈ ಸಲ ನಾ ಹೋಗೂದಿಲ್ಲ ಆಯಿ," ಎಂದು ಅವನು ಏಪ್ರಿಲ್‌ನಲ್ಲೇ ಹೇಳಿದ್ದ. "ಅವ್ಳಿಗೆ ನಿನ್ ಮನೆ. ನಂಗೆ ಯಾರ್ ಮನೆ?"

ಜಯಂತಿಯ ಗಂಡ ಮಂಗೇಶ ಬಿಣಗಾದ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸದವನು, ತಮಾಷೆಯ ಮನುಷ್ಯ. "ಒಂದ್ ಬೋರ್ಡ್ ಬರೆಸಿ ಹಾಕು, ಜಯಂತಿ ಹಾಸ್ಟೆಲು ಅಂತ. ಸರ್ಕಾರ ಅಕ್ಕಿನಾದ್ರೂ ಕೊಡ್ತದೆ," ಎಂದ. ಅವಳಿಗೆ ನಗು ಬರಲಿಲ್ಲ. ನೂರ ನಲವತ್ತು ಮಕ್ಕಳ ಅನ್ನದ ಪಾತ್ರೆ ಎತ್ತಿ ಇಳಿಸಿ ಮೊಣಕಾಲು ಸೋತಿತ್ತು. ಅಟ್ಟದ ಏಣಿ ಹತ್ತಲು ಈಗ ಗೋಡೆ ಹಿಡಿಯಬೇಕು.

ಹಾಗಾಗಿ ಮೇ ತಿಂಗಳಲ್ಲಿ ಸುಗಂಧಾ ಬಂದಾಗ ಜಯಂತಿ ಹೇಳಿಬಿಟ್ಟಳು. "ಈ ವರ್ಷ ನನ್ ಕೈಲಿ ಆಗೂದಿಲ್ಲ ಸುಗಂಧಾ. ಬೇರೆ ಎಲ್ಲಾದ್ರೂ ನೋಡು."

ಸುಗಂಧಾ ವಾದ ಮಾಡಲಿಲ್ಲ. ಅಳಲೂ ಇಲ್ಲ. "ಆಯ್ತು ಅಕ್ಕಾ. ನೀವ್ ಇಷ್ಟ್ ವರ್ಷ ಮಾಡಿದ್ದೇ ದೊಡ್ದು," ಎಂದು ಎಂದಿನಂತೆ ಬಂಗಡೆ ಆರಿಸಿ ಕೊಟ್ಟು, ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋದಳು. ಚಂದನಾಳಿಗೆ ಈ ವರ್ಷ ಹತ್ತನೇ ತರಗತಿ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮೇ ಮೂವತ್ತೊಂದರ ಬೆಳಿಗ್ಗೆ ಜಯಂತಿ ಅಂಗಳ ಗುಡಿಸುತ್ತಿದ್ದಾಗ ಗೇಟಿನ ಹೊರಗೆ ಒಬ್ಬ ಮನುಷ್ಯ ನಿಂತಿದ್ದ. ಬಿಸಿಲಿಗೆ ಕಪ್ಪಾದ ಮುಖ, ತೊಳೆದ ಅಂಗಿ. ಕೈಯಲ್ಲಿ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ. ಅವನ ಹಿಂದೆ, ಶಾಲೆಯ ಚೀಲ ಎದೆಗೆ ಅಪ್ಪಿಕೊಂಡು ಚಂದನಾ.

"ನಾನು ಸತೀಶ," ಎಂದ. "ಇವ್ಳ ಅಪ್ಪ."

ಜಯಂತಿಯ ಕೈಯಲ್ಲಿ ಪೊರಕೆ ಹಾಗೇ ನಿಂತಿತು. ಐದು ವರ್ಷ ಅವನಿಂದ ಮುಚ್ಚಿಟ್ಟ ಮನೆಯ ಗೇಟಿಗೇ ಅವನು ಬಂದಿದ್ದ.

"ಹೆದರಬೇಡಿ ಅಕ್ಕಾ. ನಂಗೆ ಮೊದಲನೇ ವರ್ಷವೇ ಗೊತ್ತಾಗಿತ್ತು. ಅಂಕೋಲೆಲಿ ಇವಳ ಮಾವ ಸಿಕ್ಕಿದ್ದ. ಹುಡ್ಗಿ ಹೇಗಿದ್ದಾಳೆ ಅಂತ ಅವ್ನೇ ನನ್ನ ಕೇಳ್ದ." ಸತೀಶ ನಗಲು ನೋಡಿದ, ಆಗಲಿಲ್ಲ. "ಗೊತ್ತಿಲ್ದವ್ನಂಗೆ ಇದ್ದೆ. ಹಾಗಿರೂದೇ ಚಲೋ ಅನ್ಸಿತು. ಈ ವರ್ಷ ನಿಮ್ಗೆ ಆಗೂದಿಲ್ಲ ಅಂತ ಇವ್ಳ ಆಯಿ ಹೇಳಿದ್ಳು, ಅದಕ್ಕೇ ನಾನೇ ಬಂದೆ."

"ಒಳಗೆ ಬನ್ನಿ," ಎಂದಳು ಜಯಂತಿ.

ಅವನು ಒಳಗೆ ಬರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕುಳಿತು ಕಾಯಿಯನ್ನು ಪಕ್ಕದಲ್ಲಿಟ್ಟ.

"ಇವತ್ತು ಬೋಟು ದಡಕ್ಕೆ ಕಟ್ತೇವೆ. ಪಾಲಿನ ದುಡ್ಡು ಸಿಗ್ತದೆ. ನಾಳೆಯಿಂದ ನಾ ಹೇಗಿರ್ತೆ ಅಂತ ನಂಗೆ ಗೊತ್ತುಂಟು. ಕುಡಿಯೂದು ಬಿಡ್ತೆ ಅಂತ ಮಾತು ಕೊಟ್ರೆ ಅದು ಸುಳ್ಳಾಗ್ತದೆ. ಹೋದ ವರ್ಷ ಇವ್ಳ ಆಯಿಗೆ ಮೂರು ಸಲ ಕೊಟ್ಟೆ." ಅವನು ಕಾಯಿಯ ಮೇಲೆ ಕೈ ಇಟ್ಟ. "ಇದು ನೂಲ ಹುಣ್ಣಿಮೆಗೆ ನಾ ಕಡಲಿಗೆ ಕೊಡೂ ಕಾಯಿ. ಕಡಲ ಹೆಸರು ಹೇಳಿ ತೆಗೆದಿಟ್ಟಿದ್ದೆ. ಇದನ್ನ ಕುಡಿದ ಕೈಲಿ ನಮ್ಮವರು ಯಾರೂ ಮುಟ್ಟೂದಿಲ್ಲ. ಎಷ್ಟೇ ಕೆಟ್ಟವ ಆಗ್ಲಿ, ಮುಟ್ಟೂದಿಲ್ಲ. ನಿಮ್ಮಲ್ಲಿ ಇಟ್ಕೊಳ್ಳಿ. ನಾ ಹುಡ್ಗಿ ಬೇಕು ಅಂತ ಬಂದ್ರೆ ಇದನ್ನ ನನ್ನ ಮುಂದೆ ಇಡಿ. ಎತ್ತಿದ್ರೆ ಹುಡ್ಗಿ ಕೊಡಿ. ಇಲ್ದಿದ್ರೆ ಕೊಡಬೇಡಿ. ನಾ ಎಂತ ಬೈದ್ರೂ ಕೊಡಬೇಡಿ."

ಆಗೂದಿಲ್ಲ ಎಂದು ಹೇಳಲು ಜಯಂತಿಯ ಹತ್ತಿರ ಎಲ್ಲ ಕಾರಣಗಳೂ ಇದ್ದವು. ಮೊಣಕಾಲು, ಮಗ, ನಲ್ಲಿಯ ಹತ್ತಿರದ ಮಾತು. ಆದರೆ ಅವಳಿಗೆ ತನ್ನ ಹತ್ತನೇ ತರಗತಿ ನೆನಪಾಯಿತು. ನೌಕಾನೆಲೆಗೆ ಊರು ಬಿಟ್ಟುಕೊಟ್ಟ ವರ್ಷ ಅದು. ಅಪ್ಪ ದಿನಾ ಪರಿಹಾರದ ಕಚೇರಿಗೆ ಹೋಗುತ್ತಿದ್ದ, ಆಯಿ ಹಂಚು, ಬಾಗಿಲು, ದನ ಸಾಗಿಸುತ್ತಿದ್ದಳು. ಪುಸ್ತಕಗಳು ಯಾವ ಗೋಣಿಯಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ. ಶಾಲೆ ಬಿಟ್ಟುಹೋಯಿತು. ಅದರಲ್ಲಿ ಯಾರದೂ ತಪ್ಪಿರಲಿಲ್ಲ. ಆದರೆ ಅವಳಿಗಾಗಿ ಯಾರೂ ಯಾವ ಮನೆಯ ಮೆಟ್ಟಿಲ ಮೇಲೂ ಹೀಗೆ ಹೋಗಿ ಕುಳಿತಿರಲಿಲ್ಲ.

"ಕಾಯಿ ದೇವರ ಮುಂದೆ ಇಡು ಹೋಗು," ಎಂದು ಚಂದನಾಳಿಗೆ ಹೇಳಿದಳು. ತನ್ನ ದನಿ ತನಗೇ ದಣಿದಂತೆ ಕೇಳಿಸಿತು.

ಕಿಶೋರ ಚೀಲಕ್ಕೆ ಬಟ್ಟೆ ತುಂಬಿಕೊಂಡ. ಹೋಗುವಾಗ ಅಟ್ಟ ಹತ್ತಿ ಹಾಸಿಗೆ ಇಳಿಸಿ, ಧಪ್ಪೆಂದು ನೆಲಕ್ಕೆ ಹಾಕಿದ. ಸಿಟ್ಟಿನಿಂದ ಹಾಕಿದನೋ, ತಾಯಿಯ ಕಾಲು ನೋಡಿ ಇಳಿಸಿಕೊಟ್ಟನೋ, ಜಯಂತಿ ಕೇಳಲು ಹೋಗಲಿಲ್ಲ. ಹಣಕೋಣದ ಬಸ್ಸಿಗೆ ಹೊತ್ತಾಗಿತ್ತು.

ಜೂನ್ ಕಳೆಯಿತು. ಬೆಳಿಗ್ಗೆ ಮನೆಯ ಅಡುಗೆ, ಒಂಬತ್ತಕ್ಕೆ ಶಾಲೆಯ ಅಡುಗೆ, ಮೂರಕ್ಕೆ ಪಾತ್ರೆ ತಿಕ್ಕಿ ಮುಗಿಸಿ ಮನೆ. ಹೊರಗೆ ಮಳೆ. ಹಗ್ಗದ ಮೇಲೆ ಒಣಗದ ಎರಡು ಯೂನಿಫಾರಂ. ಸಂಜೆ ಚಂದನಾ ಜೋರಾಗಿ ಓದುವಾಗ ಜಯಂತಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಕೆಲವು ಸಲ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. "ಮಾವಶಿ, ಮಲ್ಕೊಳ್ಳಿ," ಎಂದರೆ, "ನಾ ಕೇಳ್ತಾ ಇದ್ದೆ, ನೀ ಓದು," ಎನ್ನುವಳು.

ಸತೀಶ ಬಂದದ್ದು ಜುಲೈ ತಿಂಗಳ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಮಂಗೇಶ ಎರಡನೇ ಪಾಳಿಗೆ ಹೋಗಿದ್ದ. ಗೇಟು ಬಡಿದ ಸದ್ದಿಗೇ ಯಾರೆಂದು ಇಬ್ಬರಿಗೂ ಗೊತ್ತಾಯಿತು. ರಸ್ತೆಯಲ್ಲಿ ಒಬ್ಬ ಜೊತೆಗಾರ ಬೈಕಿನ ಮೇಲೆ ಕಾಯುತ್ತಿದ್ದ.

"ಹುಡ್ಗಿ ಕಳ್ಸಿ!" ಸತೀಶ ಅಂಗಳದಲ್ಲೇ ಕೂಗಿದ. "ಅವ್ಳ ಆಯಿಗೆ ಜ್ವರ. ಮನೇಲಿ ನಾಲ್ಕ್ ಜನ ಉಂಬೂಕೆ ಕೂತಿದ್ದಾರೆ, ಬೇಯ್ಸಿ ಹಾಕೂಕೆ ಜನ ಇಲ್ಲ. ಕಲ್ತದ್ದು ಸಾಕು!"

ಆಯಿಗೆ ಜ್ವರ ಎಂದದ್ದೇ ಚಂದನಾ ಎದ್ದು ನಿಂತಳು. ಜಯಂತಿ ಅವಳ ಭುಜ ಹಿಡಿದಳು.

"ನಾ ಹೋಗ್ತೆ ಮಾವಶಿ. ಆಯಿ ಒಬ್ಳೇ ಇದ್ದಾಳೆ."

"ಒಬ್ಳೇ ಇಲ್ಲ. ನಾಲ್ಕ್ ಜನ ಇದ್ದಾರೆ, ಕೇಳ್ಲಿಲ್ವಾ? ಕೂತ್ಕೋ. ನಿನ್ನ ಆಯಿನ ನಾ ನೋಡ್ತೆ."

ಅಷ್ಟರಲ್ಲಿ ಪಕ್ಕದ ಮನೆಗಳ ಬಾಗಿಲು ತೆರೆದವು. ಸತೀಶ ಬೈಯತೊಡಗಿದ. ತನ್ನ ಮಗಳನ್ನು ಬಿಟ್ಟಿ ಕೆಲಸಕ್ಕೆ ಇಟ್ಟುಕೊಂಡಿದ್ದಾಳೆ ಎಂದ. ಇನ್ನೂ ಕೆಲವು ಹೇಳಬಾರದ್ದನ್ನು ಹೇಳಿದ. ಜಯಂತಿ ದೇವರ ಮುಂದಿದ್ದ ಕಾಯಿ ತಂದು ಜಗಲಿಯ ಮೆಟ್ಟಿಲ ಮೇಲೆ, ಅವನು ಅಂದು ಕುಳಿತಿದ್ದ ಜಾಗದಲ್ಲೇ ಇಟ್ಟಳು.

"ಎತ್ತು," ಎಂದಳು. "ನೀನೇ ಹೇಳ್ದ ಮಾತು. ಎತ್ತಿದ್ರೆ ಕಳಿಸ್ತೆ."

ಸತೀಶ ಕಾಯಿಯನ್ನು ನೋಡಿದ. ಮಳೆಯ ನೀರು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಗ್ಗಿದ. ಕೈ ಚಾಚಿದ. ಬಾಗಿಲ ಒಳಗೆ ಚಂದನಾ ನಿಂತಿದ್ದಳು. ಜಯಂತಿಗೆ ಆಗ ಹೊಳೆಯಿತು, ಈ ಮನುಷ್ಯ ಎತ್ತಿಬಿಟ್ಟರೆ ತಾನು ಏನು ಮಾಡುವುದು? ಕೊಟ್ಟ ಮಾತು ಮುರಿಯುವುದು, ಹುಡುಗಿಯನ್ನು ಕೊಡದಿರುವುದು. ಅಷ್ಟು ಮಾತ್ರ ಅವಳು ಆ ಕ್ಷಣದಲ್ಲಿ ಗಟ್ಟಿ ಮಾಡಿಕೊಂಡಳು.

ಅವನ ಕೈ ಕಾಯಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲೆ ಅವನು ಆ ಕೈಯನ್ನು ಲುಂಗಿಗೆ ಒರೆಸಿದ, ಮತ್ತೆ ಮತ್ತೆ ಒರೆಸಿದ, ಒರೆಸಿದರೆ ಹೋಗುತ್ತದೆ ಎನ್ನುವ ಹಾಗೆ. ಹೋಗಲಿಲ್ಲ. ತಿರುಗಿ ಗೇಟಿನ ಕಡೆ ನಡೆದ.

"ಎಂತ ಆಯ್ತಾ?" ಎಂದು ಬೈಕಿನವನು ಕೇಳಿದ.

"ನಡಿ ಮಾರಾಯಾ," ಎಂದಷ್ಟೇ ಸತೀಶನ ಉತ್ತರ ಕೇಳಿಸಿತು.

ಮರುದಿನ ಶಾಲೆಯ ಪಾತ್ರೆ ತಿಕ್ಕಿದ ಮೇಲೆ ಜಯಂತಿ ಮನೆಗೆ ಹೋಗದೆ ಗಂಜಿಯ ಡಬ್ಬಿ ಹಿಡಿದು ಬಿಣಗಾದ ಬಸ್ಸು ಹತ್ತಿದಳು. ಸುಗಂಧಾಳ ಜ್ವರ ನಿಜವಾಗಿತ್ತು. ಸತೀಶ ಮನೆಯಲ್ಲಿರಲಿಲ್ಲ. ಸೀರೆಯ ಆಚೆ ಖಾಲಿ ಬಾಟಲಿಗಳಿದ್ದವು. ಗಂಜಿ ಕುಡಿಸಿ, ಔಷಧಿ ತಂದುಕೊಟ್ಟು, ಬಾಟಲಿಗಳನ್ನು ಗೋಣಿಗೆ ತುಂಬಿ ಹೊರಗಿಟ್ಟು ಬಂದಳು. ನಾಲ್ಕು ದಿನ ಹಾಗೆ ಹೋದಳು. ಐದನೇ ದಿನ ಸುಗಂಧಾ ಎದ್ದು ಕುಳಿತು, "ಅಕ್ಕಾ, ಇನ್ ಬರಬೇಡಿ, ನಿಮ್ ಕಾಲು ನೋಡಿ," ಎಂದಳು. ಬರುವ ಬಸ್ಸಿನಲ್ಲಿ ಜಯಂತಿಗೆ ಎಂಥ ನಿದ್ದೆ ಹತ್ತಿತೆಂದರೆ, ತೋಡೂರು ದಾಟಿ ಎರಡು ಸ್ಟಾಪು ಮುಂದೆ ಹೋಗಿ, ಮಳೆಯಲ್ಲಿ ಹಿಂದಕ್ಕೆ ನಡೆದಳು.

ಆಗಸ್ಟ್ ಬಂತು. ಕಡಲಿಗೆ ಕಾಯಿ ಕೊಟ್ಟ ಮೇಲೆಯೇ ಬೋಟುಗಳು ಇಳಿಯುವುದು. ನೂಲ ಹುಣ್ಣಿಮೆಯ ಬೆಳಿಗ್ಗೆ ಸತೀಶ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದ. ಅಂದಿನ ಸಂಜೆಯ ಮಾತು ಅವನೂ ಎತ್ತಲಿಲ್ಲ, ಜಯಂತಿಯೂ ಎತ್ತಲಿಲ್ಲ. ಚಂದನಾ ಕಾಯಿ ತಂದು ಮೆಟ್ಟಿಲ ಮೇಲಿಟ್ಟಳು. ಅವನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಒಂದ್ ದಿನವೂ ಶಾಲೆ ತಪ್ಪಿಲ್ಲ," ಎಂದಳು ಜಯಂತಿ. "ಗಣಿತದಲ್ಲಿ ಸ್ವಲ್ಪ ಹಿಂದೆ. ಮಾರ್ಚಿಗೆ ಪರೀಕ್ಷೆ."

"ಮಾರ್ಚಿಗೆ ನಾ ಕಡಲಲ್ಲಿರ್ತೆ," ಎಂದ ಸತೀಶ. ಅದೊಂದು ಸಮಾಧಾನದ ಸುದ್ದಿಯೆಂಬಂತೆ ಹೇಳಿದ. ನಿಜಕ್ಕೂ ಹಾಗೇ ಇತ್ತು. ಮೆಟ್ಟಿಲಿಳಿದವನು ಮತ್ತೆ ನಿಂತ. "ಪಾಸಾದ್ರೆ ಕಾಲೇಜು. ಅದೂ ಜೂನಿಗೇ ಶುರು ಅಲ್ವಾ ಅಕ್ಕಾ?"

"ಮೊದ್ಲು ಪಾಸಾಗ್ಲಿ," ಎಂದಳು ಜಯಂತಿ.

ಚಂದನಾ ಚೀಲ ಎತ್ತಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. "ಬಸ್ ಹೋಗ್ತದೆ, ನಡಿ," ಎಂದು ಜಯಂತಿ ಅದನ್ನು ತಪ್ಪಿಸಿದಳು. ಹೇಳಿಸಿಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಸಂಜೆ ಕಿಶೋರ ಹಣಕೋಣದಿಂದ ಬಂದ. ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡಿದ. ಸುತ್ತಿಟ್ಟ ಹಾಸಿಗೆ ಗೋಡೆಗೆ ಒರಗಿತ್ತು. ತಾಯಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಳು.

"ಇದನ್ನ ಅಟ್ಟಕ್ಕೆ ಹಾಕೂದಾ?" ಎಂದು ಕೇಳಿದ, ಹಾಸಿಗೆಯನ್ನು ಹೆಗಲಿಗೆ ಏರಿಸುತ್ತ.

ಜಯಂತಿ ಏಣಿಯನ್ನು ನೋಡಿದಳು, ಮಗನನ್ನು ನೋಡಿದಳು.

"ಕೆಳಗೇ ಇರ್ಲಿ," ಎಂದಳು. "ಬರೂ ವರ್ಷ ಮತ್ತೆ ಇಳ್ಸೂದು ಯಾರು?"

ಕಿಶೋರ ಹಾಸಿಗೆಯನ್ನು ಮೂಲೆಯಲ್ಲಿ, ನೆಲದ ತೇವ ತಾಗದ ಹಾಗೆ ಅಕ್ಕಿಯ ಡಬ್ಬದ ಮೇಲೆ ಇಟ್ಟ.