ಹಿತ್ತಿಲ ಕಟ್ಟೆಯ ಲೋಟ

ಕೊರೊನಾ ಹಾವಳಿ ತಣ್ಣಗಾಗಿ ಎರಡು ವರ್ಷವಾಗಿತ್ತು. ಕುಣಿಗಲ್ಲಿನಿಂದ ಬಂದು ತುಮಕೂರಿನ ಶಿರಾ ಗೇಟ್ ಹತ್ತಿರ ಮಹಡಿ ಮೇಲೊಂದು ಕೋಣೆ ಹಿಡಿದು ವಕೀಲಿಕೆ ಶುರು ಮಾಡಿದ್ದೆ. ಕಕ್ಷಿದಾರರಿಗಿಂತ ಪಕ್ಕದ ಜೆರಾಕ್ಸ್ ಅಂಗಡಿ ಕೇಳಿಕೊಂಡು ಬರುವವರೇ ಜಾಸ್ತಿ. ಆದರೂ ನನ್ನ ಬಾಯಿಗೇನೂ ಕಡಿಮೆ ಇರಲಿಲ್ಲ.

ಒಂದು ದಿನ ಗುಬ್ಬಿ ಕಡೆಯ ಭಾಗ್ಯ ಬಂದಳು. ಊರ ಹೆಸರು ಬೇಡ. ಅತ್ತೆ ಸಿದ್ದಮ್ಮನ ಜೊತೆ ಮನೆ ಮುಂದೆಯೇ ತಟ್ಟೆ ಇಡ್ಲಿ ಹೋಟೆಲ್ ನಡೆಸುತ್ತಿದ್ದವಳು. ಅವಳಿಗೆ ಟಿ.ಬಿ. ಬಂದಿತ್ತು. ತಪ್ಪದೆ ಮಾತ್ರೆ ನುಂಗಿ, ಕಫದಲ್ಲಿ ರೋಗಾಣು ಇಲ್ಲ ಎಂದು ವರದಿ ಬಂದ ಮೇಲೂ ಪಂಚಾಯಿತಿಯವರು ಬಾಗಿಲಿಗೆ ಆದೇಶ ಅಂಟಿಸಿದ್ದರು. ಮುಂದಿನ ಆದೇಶದವರೆಗೆ ಹೋಟೆಲ್ ಮುಚ್ಚಬೇಕು, ಅವಳು ಮನೆಯಿಂದ ಹೊರಗೆ ಬರಬಾರದು. ಅವಳ ಹೆಸರು, ಕಾಯಿಲೆ ಎರಡೂ ದಪ್ಪ ಅಕ್ಷರದಲ್ಲಿದ್ದವು.

"ಕಣ್ತಪ್ಪಿಸಿ ಬಂದಿದೀನಿ. ನೀರಿಗೆ ಅಂತ ನಲ್ಲಿ ತಾವ ಹೋದ್ರೂ ಜನ ಬಿಂದಿಗೆ ಎತ್ಕೊಂಡು ದೂರ ನಿಂತ್ಕೋತಾರೆ ಮೇಡಂ. ಹೋಟ್ಲು ತೆಗೀದಿದ್ರೆ ನಾವು ಬದುಕೋದು ಹೆಂಗೆ?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಪಂಚಾಯಿತಿಯ ಮೇಲಧಿಕಾರಿಗಳಿಗೆ ಮೇಲ್ಮನವಿ ಹಾಕಿದೆ. ವಿಚಾರಣೆಯಲ್ಲಿ ಪಂಚಾಯಿತಿಯವರೊಬ್ಬರು, "ಸಾರ್, ಊರಿನ ಆರೋಗ್ಯ ಮುಖ್ಯ. ಆ ತಟ್ಟೇಲಿ ಎಲ್ರೂ ತಿಂತಾರೆ" ಎಂದರು.

"ಕಾಯಿಲೆ ತಡೆಯೋ ಅಧಿಕಾರ ನಿಮಗಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಇದು ಹರಡೋದು ಗಾಳೀಲಿ, ತಟ್ಟೇಲಲ್ಲ. ಡಾಕ್ಟರನ್ನ ಕೇಳಿದ್ರಾ? ಆಯಮ್ಮನ್ನ ಕೇಳಿದ್ರಾ? ಈ ಆದೇಶ ಮುಗಿಯೋದು ಯಾವತ್ತು?" ಎಂದೆ.

ಅಧಿಕಾರಿಗಳು ಡಾಕ್ಟರ ವರದಿ ತರಿಸಿ ಓದಿ ಆದೇಶ ರದ್ದು ಮಾಡಿದರು. ಬಾಗಿಲಿನ ಕಾಗದವನ್ನು ಅವತ್ತೇ ತೆಗೆಸಬೇಕೆಂದರು.

ಗೆದ್ದ ಖುಷಿಯಲ್ಲಿ ಭಾಗ್ಯಳ ಜೊತೆಗೇ ಅವಳ ಮನೆಗೆ ಹೋದೆ. ಸಿದ್ದಮ್ಮ ಕಣ್ಣೊರೆಸಿಕೊಂಡು ನನಗೆ ಕಾಫಿ ತಂದುಕೊಟ್ಟರು. ಭಾಗ್ಯ ಹಿತ್ತಿಲ ಕಟ್ಟೆ ಮೇಲೆ ಬೇರೆ ಇಟ್ಟಿದ್ದ ತನ್ನ ಲೋಟ ತಂದು ಹಿಡಿದಳು. ಅತ್ತೆ ಅದಕ್ಕೆ ತಾಗದಂತೆ ಮೇಲಿಂದ ಹೊಯ್ದರು.

"ಏನಮ್ಮಾ ಇದು? ಆರ್ಡರ್ ಹೋಯ್ತಲ್ಲ!"

"ಅದು ಪಂಚಾಯ್ತಿದು ಕಣವ್ವ, ಇದು ನಮ್ಮನೇದು. ಕ್ಷಯ ಬಂದೋರಿಗೆ ತಟ್ಟೆ ಲೋಟ ಬ್ಯಾರೆ ಇಡೋದು ನಮ್ಮತ್ತೆ ಕಾಲದಿಂದ್ಲೂ ಐತೆ" ಎಂದರು ಸಿದ್ದಮ್ಮ.

"ಹಂಗಾದ್ರೆ ಈ ಆರ್ಡರ್ ವಿಚಾರಣೇನೂ ಇವತ್ತೇ ಆಗೋಗ್ಲಿ" ಎಂದವಳೇ ಭಾಗ್ಯಳ ಲೋಟ ಇಸ್ಕೊಂಡು, ನನ್ನದನ್ನು ಅವಳ ಕೈಗಿಟ್ಟು, ಸೊರ್ರನೆ ಕುಡಿದೆ.

"ಅಯ್ಯೋ ಲಾಯರಮ್ಮಾ!" ಎಂದು ಸಿದ್ದಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

ಪೂರ್ತಿ ಕುಡಿದು, "ಸಕ್ಕರೆ ಸ್ವಲ್ಪ ಕಮ್ಮಿ" ಎಂದೆ.

ಸಿದ್ದಮ್ಮ ಆ ಲೋಟ ತೆಗೆದುಕೊಂಡು ಹೋಗಿ ತೊಳೆದರು. ಕಟ್ಟೆ ಮೇಲಿಡದೆ ಅಡುಗೆಮನೆಯ ಬುಟ್ಟಿಗೆ ಹಾಕಿದರು. "ನಾಳಿಕ್ಕೆ ಹಿಟ್ಟು ರುಬ್ಬೋದು ಬ್ಯಾಡ್ವಾ? ಹೋಗು, ಅಕ್ಕಿ ನೆನಾಕು" ಎಂದು ಸೊಸೆಗೆ ಗದರಿದರು. ವಿಚಾರಣೆಯಲ್ಲೂ ಅಳದಿದ್ದ ಭಾಗ್ಯ ಆಗ ಅತ್ತುಬಿಟ್ಟಳು.

ಆಮೇಲೆ ಎಷ್ಟೋ ಕೇಸು ಗೆದ್ದಿದ್ದೇನೆ. ಅವತ್ತಿನಷ್ಟು ಸಂತೋಷ ಇನ್ಯಾವುದರಲ್ಲೂ ಸಿಕ್ಕಿಲ್ಲ. ಈಗಲೂ ಗುಬ್ಬಿ ಕಡೆ ಹೋದರೆ ಅವರ ಇಡ್ಲಿ ತಿನ್ನದೆ ಬರುವುದಿಲ್ಲ. ಕಾಫಿ ಬಂದಾಗ, ಇದು ಆ ಲೋಟವೇ ಇರಬಹುದಾ ಎಂದು ತಿರುಗಿಸಿ ನೋಡುತ್ತೇನೆ. ಎಲ್ಲವೂ ಒಂದೇ ಥರ ಇವೆ, ಗುರುತೇ ಸಿಗುವುದಿಲ್ಲ.