ಮೊದಲು ಬರೀ ನೀರು

ಪೀಣ್ಯದ ನಮ್ಮ ಲ್ಯಾಬಿನ ಕೆಮಿಸ್ಟ್ ಯಾವ ಸ್ಯಾಂಪಲ್ಲನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಯಂತ್ರದ ಸಣ್ಣ ಕೊಳವೆ ದ್ರಾವಣವನ್ನು ಹೀರಿ ಜ್ವಾಲೆಗೆ ಎರಚುತ್ತಿತ್ತು. ಅದರಲ್ಲಿ ಲೋಹ ಹೆಚ್ಚಿದ್ದಷ್ಟೂ ಮೀಟರಿನ ಮುಳ್ಳು ಮೇಲೇಳುತ್ತಿತ್ತು. ಸ್ಯಾಂಪಲ್ ಇಡುವ ಮುಂಚೆ ಅವರು ಕನ್ನಡಕವನ್ನು ಹಣೆಗೇರಿಸಿ, "ಮೊದ್ಲು ಬರೀ ನೀರು ಕಣಯ್ಯ, ಆಮೇಲೆ ಮಾತು" ಎನ್ನುತ್ತಿದ್ದರು. ಬರೀ ನೀರಿಗೆ ಮುಳ್ಳು ಸೊನ್ನೆಯಲ್ಲಿ ನಿಂತರೆ ಯಂತ್ರ ಸರಿಯಿದೆ ಎಂದರ್ಥ. ಅವರ ದನಿ, ಹಣೆಯ ಮೇಲಿನ ಕನ್ನಡಕ ಎಲ್ಲವನ್ನೂ ಅವರ ಸಹಾಯಕನಾದ ನಾನು ಕ್ಯಾಂಟೀನಿನಲ್ಲಿ ಅಣಕಿಸುತ್ತಿದ್ದೆ. ನನ್ನ ಎರವಲು ಕನ್ನಡಕ ಮಾತ್ರ ಪ್ರತಿಸಲ ಜಾರಿ ಸಾಂಬಾರಿಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಬ್ಯಾಟರಿ ಕಾರ್ಖಾನೆಯ ನೀರಿನಲ್ಲಿ ಸೀಸ ಅಳೆಯುತ್ತಿದ್ದೆವು. ತಮಾಷೆಗೆಂದು ಅವರ ಊಟದ ಡಬ್ಬಿಯ ತಿಳಿಸಾರನ್ನು ಸೋಸಿ ಸ್ಯಾಂಪಲ್ಲುಗಳ ನಡುವೆ ಇಟ್ಟೆ. ಮುಳ್ಳು ಧಡಕ್ಕನೆ ಎದ್ದಿತು.

"ಯಾವ್ ಫ್ಯಾಕ್ಟರೀದಯ್ಯ ಈ ಕೊಚ್ಚೆ?"

ನಾನು ಅವರ ಊಟದ ಡಬ್ಬಿಯತ್ತ ಕೈ ತೋರಿಸಿದೆ. "ನಿಮ್ಮನೆ ತಿಳಿಸಾರು, ಸಾರ್."

ಅವರು ಬೈಯಲಿಲ್ಲ. "ಮೊನ್ನೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ಸಿದ್ವಿ. ಕಲಾಯಿಯವ್ನು ತವರದ ಜೊತೆ ಸೀಸ ಬೆರೆಸ್ಬಿಟ್ಟಿದಾನೆ," ಎಂದವರು ಥಟ್ಟನೆ ನನ್ನ ಕೈ ಹಿಡಿದರು. "ನನ್ ಮಗು ಅನ್ನ ಬಿಟ್ಟು ಬರೀ ಈ ಸಾರನ್ನೇ ಕುಡಿಯುತ್ತೆ ಕಣೋ. ಇಲ್ಲ, ಮಿಷನ್ ಕೆಟ್ಟಿರ್ಬೇಕು. ಬರೀ ನೀರು ಕೊಡು."

ಕೊಟ್ಟೆ. ಮುಳ್ಳು ಸೊನ್ನೆಯಲ್ಲಿ ನಿಂತಿತು.

"ಇನ್ನೊಂದ್ಸಲ ಕೊಡೋ."

ಮತ್ತೆ ಸೊನ್ನೆ.

ಜ್ವಾಲೆ ಆರಿಸದೆ ಎಂದೂ ಸ್ಟೂಲು ಬಿಡದ ಮನುಷ್ಯ ಅದನ್ನು ಉರಿಯುತ್ತಿರಲು ಬಿಟ್ಟು ಎದ್ದರು. ತುಮಕೂರು ರಸ್ತೆಯಲ್ಲಿ ಹೊರಟಿದ್ದ ಬಸ್ಸಿನ ಹಿಂದೆ ಓಡುವಾಗಲೂ ಅವರ ಕನ್ನಡಕ ಹಣೆಯ ಮೇಲೆಯೇ ಇತ್ತು.