ಬಿಳಿ ಅಂಗಿಯ ಮೇಲಿನ ಬಾಳೆ ಸೊನೆ

ಅವರ ಬಿಳಿ ಅಂಗಿಯ ಬಲಭುಜದ ಮೇಲೆ ಅಂಗೈ ಅಗಲದ ಕಂದು ಕಲೆಯಿತ್ತು. ಬಾಳೆಯ ಸೊನೆ, ಎಷ್ಟು ಒಗೆದರೂ ಹೋಗದು. ಕಲಬುರಗಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಆ ಪ್ರಾಧ್ಯಾಪಕರು ಅದೇ ಅಂಗಿ ತೊಟ್ಟು ತರಗತಿಗೂ ಸಮಾರಂಭಗಳಿಗೂ ಬರುತ್ತಿದ್ದರು. ನಾನು ಅವರ ಹಳೆಯ ವಿದ್ಯಾರ್ಥಿ. ಆ ಕಲೆ ಬಿದ್ದ ದಿನ ಪತ್ರಿಕೆಯ ವರದಿಗಾರನಾಗಿ ಅವರ ಜೊತೆಗಿದ್ದೆ.

ಮನುಷ್ಯನ ಮೈ ಅವನದು, ದುಡಿಮೆಯೂ ಅವನದು. ಸರ್ಕಾರ ಕಾವಲು ಕಾಯಲಿ, ಯಜಮಾನಿಕೆ ಮಾಡುವುದು ಬೇಡ ಎನ್ನುವುದು ಅವರ ಜೀವಮಾನದ ವಾದ. ಇದನ್ನು ಪುಸ್ತಕವಾಗಿ ಬರೆದರು. ಸರ್ಕಾರ ಗ್ರಂಥಾಲಯಗಳಿಗಾಗಿ ಮಾಡುವ ಸಗಟು ಖರೀದಿಗೆ ಮಾತ್ರ ಒಂದು ಪ್ರತಿಯನ್ನೂ ಕಳಿಸಲಿಲ್ಲ. "ಓದಬೇಕಂದಾಂವ ಕೊಳ್ಳಲಿ. ಬ್ಯಾಡಂದಾಂವನ ತೆರಿಗಿ ಯಾಕ ಬೇಕು?" ಎನ್ನುತ್ತಿದ್ದರು. ನಂದೂರಿನ ದಾಲ್ ಮಿಲ್ ಮಾಲೀಕರು ತೆರಿಗೆ ವಿರುದ್ಧ ಮಾತಾಡಲಿ ಎಂದು ಒಮ್ಮೆ ಅವರನ್ನು ಕರೆಸಿದರು. ಮಾತಾಡಿದರು. ಹಾಗೆಯೇ, ಮಿಲ್ಲಿಗೆಂದು ನಿಮಗೆ ಅಗ್ಗವಾಗಿ ಸಿಕ್ಕ ಜಾಗ, ಕೊಡಲೊಲ್ಲೆನೆಂದ ರೈತನಿಂದ ಸರ್ಕಾರ ಕಿತ್ತುಕೊಂಡದ್ದು ಎಂದೂ ಹೇಳಿದರು. ಚಹಾ ಬರಲಿಲ್ಲ.

ಅವರ ಹುಟ್ಟೂರು ಕಮಲಾಪುರ. ಅಲ್ಲಿ ಬಸ್ಸು ನಿಂತರೆ ಹೆಂಗಸರು ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಕಿಟಕಿ ಕಿಟಕಿಗೆ ಓಡುವುದು ಹಿಂದಿನಿಂದ ಬಂದ ರೂಢಿ. ಎಂಬತ್ತರ ದಶಕದ ಕೊನೆಗೆ ಅಧಿಕಾರಿಗಳು ಆ ಮಾರಾಟದ ಹಕ್ಕನ್ನು ಹರಾಜು ಹಾಕಿ ಒಬ್ಬನೇ ಗುತ್ತಿಗೆದಾರನಿಗೆ ಕೊಟ್ಟರು. ಹೆಂಗಸರ ಬುಟ್ಟಿಗಳನ್ನು ಕಿತ್ತು ಬಿಸಾಡಿದರು. ಸುದ್ದಿ ಕೇಳಿ ಬಂದ ಪ್ರಾಧ್ಯಾಪಕರು, ಗಂಡನಿಲ್ಲದ ಒಬ್ಬಾಕೆಯ ಮನೆಯಿಂದ ಬಾಳೆಗೊನೆಯನ್ನು ತಾವೇ ಹೆಗಲ ಮೇಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಹೊರಟರು.

"ಸರ್, ಗೊನಿ ಹಂಗ ಹೊರಬಾರದ್ರಿ. ಅಂಗಿ ಕೆಟ್ಟೋತು," ಎಂದಳು ಆಕೆ.

"ಅಂಗಿ ನಂದವ್ವ. ಕೆಡಿಸ್ಕೊಳ್ಳೋ ಹಕ್ಕೂ ನಂದ."

ನಿಲ್ದಾಣದಲ್ಲಿ ಪೊಲೀಸನೊಬ್ಬ ಅಡ್ಡ ಬಂದು ಪರವಾನಗಿ ಕೇಳಿದ. ಅವರು ದನಿ ಏರಿಸಲಿಲ್ಲ. "ಹಣ್ಣು ಆಕೀದು, ರೊಕ್ಕ ತಿನ್ನಾಂವಂದು. ನಡುವ ನಿಮ್ದೇನೈತ್ರಿ?"

ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಕಾಲೇಜಿನ ಆಡಳಿತ ಮಂಡಳಿ ಕ್ಷಮೆ ಕೇಳೆಂದಿತು; ಅವರು ಕೇಳಲಿಲ್ಲ. ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಕಿರಿಯರೊಬ್ಬರ ಪಾಲಾಯಿತು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಗುತ್ತಿಗೆ ರದ್ದಾಯಿತು, ಹೆಂಗಸರು ಮತ್ತೆ ಬಸ್ಸಿನ ಕಿಟಕಿಗೆ ಬಂದರು. ಹುದ್ದೆ ಕೈತಪ್ಪಿದ್ದಕ್ಕೆ ಅವರು ಎಂದೂ ಗೊಣಗಲಿಲ್ಲ.

ಎರಡು ಸಾವಿರದ ಇಸವಿಯ ಆಚೆ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಕಣ್ಣೊರೆಸಿಕೊಂಡವರು ಯಾರೆಂದರೆ, ಕ್ಷಮೆ ಕೇಳೆಂದವರೇ. ಕಮಲಾಪುರದ ನಿಲ್ದಾಣದಲ್ಲಿ ಸರ್ಕಾರದ ಹಣದಿಂದ ಸ್ಮಾರಕ ಮಂಟಪವಾಗಲಿ ಎಂದು ಅವರೇ ಠರಾವು ಮಾಡಿದರು. ಮಂಟಪವೂ ಆಯಿತು. ಜಾಗಕ್ಕಾಗಿ ಎಬ್ಬಿಸಿದ್ದು ಹಣ್ಣಿನ ಹೆಂಗಸರನ್ನು.

ಉದ್ಘಾಟನೆಯ ವರದಿಗೆ ಹೋಗಿದ್ದೆ. ಆ ಗೊನೆಯ ಮನೆಯಾಕೆ, ಈಗ ಮುದುಕಿ, ರಸ್ತೆಯಾಚೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. "ಸರ್ ಇದ್ದಿದ್ರ ಇದನ್ನ ಕಟ್ಟಾಕ ಬಿಡ್ತಿದ್ರೇನ್ರಿ?" ಎಂದು ನನ್ನನ್ನೇ ಕೇಳಿದಳು. ಬಿಡುತ್ತಿರಲಿಲ್ಲ ಎಂದೆ. ಅಚ್ಚಿನಲ್ಲೂ ಅದು ಇರಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಂಟಪದೊಳಗೆ ಅವರ ದೊಡ್ಡ ವರ್ಣಚಿತ್ರವಿದೆ. ಅದರಲ್ಲಿ ಅಂಗಿ ಅಪ್ಪಟ ಬಿಳಿ.